ಬರಿದೇ ಸುತ್ತಿದ ಲೇತ್‌ಗಳು

ನಮ್ಮ ಬೀದಿಯಲ್ಲಿ ನಾನು ಮೂವತ್ತೊಂದು ವರ್ಷದಿಂದ ನಟ್ಟು, ಬೋಲ್ಟು, ಬೇರಿಂಗು, ಬೆಲ್ಟು, ಯಂತ್ರದ ಎಣ್ಣೆ ಮಾರುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಮುಂದೆ ಸುಳ್ಳು ಹೇಳಿದವರು ಎಷ್ಟು ಮಂದಿ ಎಂದು ಎಣಿಸಿಲ್ಲ. ಎಣಿಸಲು ಹೊರಟರೆ ನಾನು ಹೇಳಿದ್ದನ್ನೂ ಸೇರಿಸಬೇಕಾಗುತ್ತದೆ. ನನ್ನ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದೇ ಒಂದು ಸುಳ್ಳನ್ನೂ ಬರೆಯದೆ ಎದ್ದುಹೋದವರು ಅಂಕಿ ಅಕ್ಕ ಒಬ್ಬರೇ. ಅವರ ಬಗ್ಗೆ ಬರೆಯಲು ಕೂತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ತಣ್ಣಗಾದ ಮೇಲೆ ಬರೆದರೆ, ನಾನು ವ್ಯಾಪಾರಿ ನೋಡಿ, ಎರಡೂ ಕಡೆಯವರಿಗೆ ಸ್ವಲ್ಪ ಸ್ವಲ್ಪ ರಿಯಾಯಿತಿ ಕೊಟ್ಟುಬಿಡುತ್ತೇನೆ.

ಅಕ್ಕ ಸರ್ಕಾರದ ಅಂಕಿಅಂಶ ಕಚೇರಿಯವರು. ವರ್ಷಕ್ಕೊಂದು ಸಲ ಬೀದಿಯ ನೂರ ಹದಿನೆಂಟು ವರ್ಕ್‌ಶಾಪ್‌ಗಳಿಗೂ ಹೋಗಿ, ಏನು ತಯಾರಾಯಿತು, ಎಷ್ಟು ತಯಾರಾಯಿತು, ಎಷ್ಟು ಜನ ಕೆಲಸ ಮಾಡಿದರು ಎಂದು ಬರೆದುಕೊಳ್ಳುವುದು ಅವರ ಕೆಲಸ. ಒಂದು ಕಂದು ಚೀಲ, ದಾರ ಕಟ್ಟಿದ ಪೆನ್ಸಿಲ್ಲು, ಸವೆದ ಚಪ್ಪಲಿ. ಮೊದಲು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು, ಕಣ್ಣಾರೆ ನೋಡಿದ ಮೇಲೆ ಅದರ ಮೇಲೆಯೇ ಪೆನ್ನು. ಮಾಲೀಕ ಬಾಯಲ್ಲಿ ಏನೇ ಹೇಳಲಿ, ಎದ್ದು ಹೋಗಿ ಯಂತ್ರದ ಗೇರ್ ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಪೆನ್ನು. ತಣ್ಣಗಿದ್ದರೆ ಇನ್ನಷ್ಟು ಪ್ರಶ್ನೆ. ಮಗುವಿಗೆ ಜ್ವರ ಇದೆಯಾ ಎಂದು ನೋಡುವ ಹಾಗೆ ಮುಟ್ಟುತ್ತಾರೆ ಎಂದು ಬೀದಿಯವರು ನಗುತ್ತಿದ್ದರು. ನಕ್ಕರೂ ಅವರು ಬರುವ ದಿನ ಯಂತ್ರ ಒರೆಸಿ ಇಡುತ್ತಿದ್ದರು.

ಅವರು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ನಾನು ಎಲ್ಲರಂತೆ ಮುಖ ಇಳಿಬಿಟ್ಟುಕೊಂಡು ಹೇಳಿದ್ದೆ.

"ಎಲ್ಲಿ ಮಾರಾಟ ಅಕ್ಕ, ಈ ವರ್ಷ ಪೂರ್ತಿ ನೊಣ ಹೊಡೀತಾ ಕೂತಿದ್ದೀನಿ."

ಅಕ್ಕ ಎದ್ದು ಕಪಾಟಿನ ಹತ್ತಿರ ಹೋದರು. ಡಬ್ಬಿಗಳ ಮೇಲೆ ಬೆರಳು ಎಳೆದರು.

"ಅಣ್ಣಾ, ಈ ಚಿಕ್ಕ ಬೇರಿಂಗ್ ಡಬ್ಬಿ ಮೇಲೆ ಧೂಳೇ ಕೂತಿಲ್ವಲ್ಲ?"

"ಈಗ ತಾನೇ ಒರೆಸಿದೆ."

"ಅದೊಂದನ್ನೇ ಒರೆಸಿದ್ರಾ?"

ಆಮೇಲೆ ನಾನು ಅವರಿಗೆ ಸುಳ್ಳು ಹೇಳಲು ಹೋಗಲಿಲ್ಲ. ಒಳ್ಳೆಯವನಾದೆ ಅಂತಲ್ಲ. ಲಾಭವಿಲ್ಲದ ಕೆಲಸ ಮಾಡುವುದು ನನ್ನ ಸ್ವಭಾವದಲ್ಲಿಲ್ಲ.

ಗಂಡ ಹೋದ ಮೇಲೆ ಅಕ್ಕ ತಮ್ಮನ ಮನೆಯಲ್ಲೇ ಇದ್ದರು. ತಮ್ಮನದು ಇದೇ ಬೀದಿಯಲ್ಲಿ ಇಪ್ಪತ್ತೇಳನೇ ನಂಬರಿನ ವರ್ಕ್‌ಶಾಪ್. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಡಿದ ಪಾರ್ಟನ್ನು ಮೂಲೆಗೆ ಎಸೆಯುತ್ತಿದ್ದ ಆಸಾಮಿ. ಬೀದಿ ಅವನಿಗೆ ಮೈಕ್ರಾನ್ ಎಂದು ಹೆಸರಿಟ್ಟಿತ್ತು. ಕೆಳಗೆ ಕಬ್ಬಿಣವನ್ನು ಗರಗರ ಸುತ್ತಿಸಿ ಕಡೆಯುವ ಒಂದು ದೊಡ್ಡ ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ನಾಲ್ಕು ಜನ ಕೆಲಸಗಾರರು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆ. ಲೇತ್ ಶುರುವಾದರೆ ಮೇಲಿನ ಕಪಾಟಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಮೈಕ್ರಾನ್‌ನ ಹೆಂಡತಿ ಲೋಟಗಳ ಕೆಳಗೆ ಹಳೆಯ ಸೀರೆ ಮಡಚಿ ಹಾಸಿದ್ದಳು. ಯಂತ್ರ ನಿಂತು ಒಂದು ವರ್ಷವಾದರೂ ಆ ಸೀರೆ ಅಲ್ಲೇ ಇತ್ತು.

ತಮ್ಮನ ವರ್ಕ್‌ಶಾಪಿನ ಅಂಕಿಯನ್ನು ತಾನೇ ಬರೆಯುವುದು ಸರಿಯಲ್ಲ, ಬೇರೆಯವರನ್ನು ಕಳಿಸಿ ಎಂದು ಅಕ್ಕ ಪ್ರತಿ ವರ್ಷ ಕಚೇರಿಗೆ ಪತ್ರ ಕೊಡುತ್ತಿದ್ದರು. ಜನ ಇಲ್ಲ, ನೀವೇ ಬರೆಯಿರಿ ಎಂದು ಕಚೇರಿ ಪ್ರತಿ ವರ್ಷ ಉತ್ತರಿಸುತ್ತಿತ್ತು. ಹಾಗಾಗಿ ಇಪ್ಪತ್ತೇಳನೇ ನಂಬರಿನ ಫಾರಂ ತುಂಬುವಾಗ ಮಾತ್ರ ನನ್ನನ್ನು ಕರೆದು ಸಾಕ್ಷಿಗೆ ಸಹಿ ಹಾಕಿಸುತ್ತಿದ್ದರು. ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚು. ಒಬ್ಬರಿಗೆ ಕಬ್ಬಿಣದಲ್ಲಿ ಹುಚ್ಚು, ಒಬ್ಬರಿಗೆ ಅಂಕಿಯಲ್ಲಿ.

ಯಂತ್ರಗಳು ನಿಂತದ್ದು ಹೇಗೆ ಎಂದು ಹೇಳಬೇಕು. ಅಲ್ಲಿಂದಲೇ ನನ್ನ ಸಿಟ್ಟು ಶುರು.

ಸರ್ಕಾರ ಒಂದು ವರ್ಷದಲ್ಲಿ ತನಗೆ ಬಂದದ್ದಕ್ಕಿಂತ ಎಷ್ಟು ಹೆಚ್ಚು ಖರ್ಚು ಮಾಡಿತು ಎನ್ನುವುದು ಒಂದು ಅಂಕಿ. ಅದು ಕೊರತೆ. ಆ ವರ್ಷ ಇಡೀ ದೇಶದಲ್ಲಿ ಎಲ್ಲರೂ ಸೇರಿ ಎಷ್ಟು ಉತ್ಪನ್ನ ಮಾಡಿದರು ಎನ್ನುವುದು ಇನ್ನೊಂದು ಅಂಕಿ. ಮೊದಲನೆಯದನ್ನು ಮೇಲೆ ಇಟ್ಟು ಎರಡನೆಯದನ್ನು ಕೆಳಗೆ ಇಟ್ಟು ಭಾಗಿಸುತ್ತಾರೆ. ನೂರಕ್ಕೆ ಎಷ್ಟು ಬಂತು ಎಂದು ನೋಡುತ್ತಾರೆ. ಸಾಲ ಕೊಡುವವರು ಕಣ್ಣಿಟ್ಟಿರುವುದು ಅದರ ಮೇಲೆಯೇ. ನಮ್ಮವರು ಅವರಿಗೆ ನಾಲ್ಕರೊಳಗೆ ತರುತ್ತೇವೆ ಎಂದು ಮಾತು ಕೊಟ್ಟಿದ್ದರು. ಇದ್ದದ್ದು ನಾಲ್ಕೂವರೆ.

ಇಳಿಸಲು ಮೊದಲು ಮೇಲಿನ ಅಂಕಿಗೆ ಕತ್ತರಿ ಹಾಕಿದರು. ನೀರು ಸರಬರಾಜು ಇಲಾಖೆ ಪಂಪ್‌ಗಳ ರಿಪೇರಿ ನಿಲ್ಲಿಸಿತು. ಆ ಪಂಪ್‌ಗಳ ಬಿಡಿಭಾಗ ಮಾಡಿಕೊಂಡೇ ನಮ್ಮ ಬೀದಿಯ ಅರ್ಧ ಜನ ಬದುಕಿದ್ದರು. ಆರ್ಡರ್ ಇಲ್ಲ. ಒಂದು ವರ್ಷದೊಳಗೆ ನಲವತ್ತೊಂದು ವರ್ಕ್‌ಶಾಪ್ ಬಾಗಿಲೆಳೆದುಕೊಂಡವು. ಮೈಕ್ರಾನ್ ತನ್ನ ನಾಲ್ಕು ಜನರನ್ನು ಕೂರಿಸಿಕೊಂಡು ಹೇಳಿದ ಮಾತು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು.

"ನಾಳೆಯಿಂದ ಬರ್ಬೇಡಿ. ನಾನು ಕರೆದಾಗ ಬನ್ನಿ."

"ಯಾವಾಗ ಕರೀತೀರ?" ಎಂದ ಒಬ್ಬ.

"ಅದು ಗೊತ್ತಿದ್ರೆ ಕಳಿಸ್ತಿದ್ನೇನಯ್ಯಾ?"

ಜನ ಗಲಾಟೆ ಮಾಡಿದ ಮೇಲೆ ಸರ್ಕಾರ ಒಂದು ಪರಿಹಾರ ಘೋಷಿಸಿತು. ಕೆಲಸ ನಿಂತಿದೆ ಎಂದು ಅಂಕಿಅಂಶ ಕಚೇರಿಯ ದಾಖಲೆಯಲ್ಲಿರುವ ವರ್ಕ್‌ಶಾಪಿನ ಕೆಲಸಗಾರರಿಗೆ ಆರು ತಿಂಗಳು ಅರ್ಧ ಸಂಬಳ. ಅಂದರೆ ಅಕ್ಕನ ಪೆನ್ನು ಎಲ್ಲಿ ಗುರುತು ಹಾಕುತ್ತದೋ ಅದರ ಮೇಲೆಯೇ ಮೈಕ್ರಾನ್‌ನ ಕೆಲಸಗಾರರ ನಾಲ್ಕು ಮನೆಯ ಒಲೆ ಉರಿಯಬೇಕಿತ್ತು. ಫಾರಮ್ಮಿನಲ್ಲಿ ಎರಡು ಚೌಕ ಇದ್ದವು. ಒಂದು, ಭೇಟಿಯ ದಿನ ಬೀಗ ಹಾಕಿತ್ತು. ಇನ್ನೊಂದು, ಕೆಲಸ ನಿಂತಿದೆ. ಮೊದಲನೆಯದು ಮಾಲೀಕ ಮದುವೆಗೋ ಆಸ್ಪತ್ರೆಗೋ ಹೋಗಿದ್ದರೆ ಗುರುತು ಹಾಕಲು ಇಟ್ಟದ್ದು; ಅದಕ್ಕೆ ಗುರುತು ಬಿದ್ದರೆ ಕಚೇರಿಯವರು ಹೋದ ವರ್ಷದ ಉತ್ಪನ್ನವನ್ನೇ ತೆಗೆದುಕೊಂಡು, ಅದಕ್ಕೆ ನೂರಕ್ಕೆ ಎಂಟು ಸೇರಿಸಿ ಬರೆದುಕೊಳ್ಳುತ್ತಿದ್ದರು. ಎರಡನೆಯದಕ್ಕೆ ಗುರುತು ಬಿದ್ದರೆ ಸೊನ್ನೆ.

ಅಕ್ಕ ನಲವತ್ತೊಂದು ಬಾಗಿಲಿಗೂ ಹೋದರು. ಕೀಲಿ ತೆಗೆಸಿದರು. ಮುಟ್ಟಿ ನೋಡಿದರು. ನಲವತ್ತೊಂದು ಫಾರಮ್ಮಿನಲ್ಲೂ ಕೆಲಸ ನಿಂತಿದೆ ಎಂದು ಪೆನ್ನಿನಲ್ಲಿ ಗುರುತು ಹಾಕಿದರು. ತಮ್ಮನ ಫಾರಮ್ಮಿಗೆ ಎಂದಿನಂತೆ ನಾನು ಸಾಕ್ಷಿ.

ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರು ಅಕ್ಕನಿಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. ಕೂದಲಿಗೂ ಮಾತಿಗೂ ಒಂದೇ ಎಣ್ಣೆ ಹಚ್ಚುವವರು. ಅವರ ಕೋಣೆಯಲ್ಲಿ ನಡೆದದ್ದನ್ನು ಅಕ್ಕ ನನ್ನ ಸ್ಟೂಲಿನ ಮೇಲೆ ಕೂತು ಇಬ್ಬರ ದನಿಯಲ್ಲೂ ಆಡಿ ತೋರಿಸಿದರು.

"ಮೇಡಂ, ನಲವತ್ತೊಂದಾ?"

"ಹೌದು ಸರ್."

"ನೀವು ಹೋದಾಗ ಬೀಗ ಇತ್ತು, ಅಷ್ಟೇ ತಾನೇ?"

"ಬೀಗಕ್ಕೆ ತುಕ್ಕು ಹಿಡಿದಿದೆ ಸರ್. ಬೀಗದ ಸಂದೀಲಿ ಜೇಡ ಬಲೆ ಕಟ್ಟಿದೆ. ಅದರ ಉತ್ಪನ್ನ ಬೇಕಿದ್ರೆ ಬರ್ಕೋತೀನಿ."

ಸಾಹೇಬರು ನಕ್ಕರಂತೆ. ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆದು ಪಾಠ ಶುರು ಮಾಡಿದರಂತೆ. "ನೋಡಿ ಮೇಡಂ, ಈ ಬೀದಿಯ ಒಂದು ವರ್ಕ್‌ಶಾಪು ನಮ್ಮ ಲೆಕ್ಕದಲ್ಲಿ ದೇಶದ ಮುನ್ನೂರು ವರ್ಕ್‌ಶಾಪಿಗೆ ಸಮ. ನೀವು ನಲವತ್ತೊಂದು ಸೊನ್ನೆ ಹಾಕಿದ್ರೆ ಹನ್ನೆರಡು ಸಾವಿರಕ್ಕಿಂತ ಹೆಚ್ಚು ವರ್ಕ್‌ಶಾಪ್ ಸೊನ್ನೆ ಆಗುತ್ತೆ. ಗೆರೆ ಕೆಳಗಿನ ಅಂಕಿ ಇಳೀತು. ಅವರಿಗೆಲ್ಲ ಪರಿಹಾರ ಕೊಡ್ಬೇಕು. ಗೆರೆ ಮೇಲಿನ ಅಂಕಿ ಏರ್ತು. ಎರಡೂ ಕಡೆ ಹೊಡೆತ. ನಾಲ್ಕರೊಳಗೆ ಬರೋದು ಹೇಗೆ?"

"ಸರ್, ಭಾಗಾಕಾರ ನಂಗೂ ಬರುತ್ತೆ."

"ಹಾಗಾದ್ರೆ ಬೀಗ ಹಾಕಿತ್ತು ಅಂತ ಬರೀರಿ. ಅದೂ ನಿಜಾನೇ ಅಲ್ವಾ?"

ಅಕ್ಕನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಆದರೆ ಅವರು ಸಿಟ್ಟಿನಲ್ಲೂ ಬಾಯಿ ಜಾರಿದವರಲ್ಲ. ಅವತ್ತು ಜಾರಿದರು.

"ನೀವೇ ಬನ್ನಿ ಸರ್. ಬಂದು ಕೈಯಿಟ್ಟು ನೋಡಿ. ಒಂದೇ ಒಂದು ಮಿಷನ್ ಬೆಚ್ಚಗಿರಲಿ, ನೀವು ಹೇಳಿದ ಕಡೆ ಸಹಿ ಹಾಕ್ತೀನಿ."

ಇದನ್ನು ನನಗೆ ಹೇಳುವಾಗ ಅಕ್ಕನ ಕಣ್ಣಲ್ಲಿ ಗೆದ್ದ ಕಳೆ ಇತ್ತು. ನಾನು ಕಪಾಟಿನ ಕಡೆ ತಿರುಗಿಬಿಟ್ಟೆ. ಯಾಕೆಂದರೆ ಅಕ್ಕನಿಗೆ ಗೊತ್ತಿಲ್ಲದ ಒಂದು ವಿಷಯ ಬೀದಿಗೆಲ್ಲ ಗೊತ್ತಿತ್ತು, ಮತ್ತು ಅದನ್ನು ಶುರು ಮಾಡಿದವನು ನಾನು.

ಲೇತ್ ತಿಂಗಳುಗಟ್ಟಲೆ ಸುಮ್ಮನೆ ನಿಂತರೆ ಒಳಗೆ ಹಿಡಿದುಕೊಳ್ಳುತ್ತದೆ. ಎಣ್ಣೆ ಕೆಳಗಿಳಿದು ಅಂಟಾಗುತ್ತದೆ, ಬೇರಿಂಗಿಗೆ ತುಕ್ಕು ಬರುತ್ತದೆ. ಆಮೇಲೆ ಆರ್ಡರ್ ಬಂದರೂ ಅದು ಏಳುವುದಿಲ್ಲ. ಬಾಗಿಲು ಮುಚ್ಚಿದವರಿಗೆಲ್ಲ ನಾನೇ ಹೇಳಿದ್ದೆ: ವಾರಕ್ಕೊಂದು ಸಲ ಬಂದು ಕಾಲು ಗಂಟೆ ಬರಿದೇ ಓಡಿಸಿ, ಸ್ವಲ್ಪ ಎಣ್ಣೆ ಬಿಡಿ. ಎಣ್ಣೆ ಯಾರ ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳುವ ಅಗತ್ಯ ಇರಲಿಲ್ಲ. ಅವರಾಗಿಯೇ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಎಂದು ಗೊತ್ತುಮಾಡಿಕೊಂಡರು. ಬೇರೆ ಬೇರೆ ದಿನ ಬಂದರೆ ಒಬ್ಬನೇ ಯಂತ್ರದ ಮುಂದೆ ನಿಂತಾಗ ಅಳು ಬರುತ್ತದೆ, ಎಲ್ಲರೂ ಒಟ್ಟಿಗೆ ಓಡಿಸಿದರೆ ಬೀದಿ ಮೊದಲಿನ ಹಾಗೆ ಕೇಳಿಸುತ್ತದೆ ಎಂದು ಅವರಲ್ಲೊಬ್ಬ ಹೇಳಿದ. ನಿಜವಾಗಿಯೂ ಕೇಳಿಸುತ್ತಿತ್ತು. ನಾನೂ ಆ ಕಾಲು ಗಂಟೆ ಗಿರಾಕಿ ಬಂದರೂ ಮಾತಾಡುತ್ತಿರಲಿಲ್ಲ.

ಸೋಮವಾರ ಒಂಬತ್ತೂವರೆಗೆ ಅಕ್ಕನಿಗೆ ಕಚೇರಿಯಲ್ಲಿ ವಾರದ ಮೀಟಿಂಗು. ಮನೆಯಲ್ಲಿ ಇರುತ್ತಿರಲಿಲ್ಲ. ಸತ್ತ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೇನೆ ಎಂದು ಅಕ್ಕನ ಮುಂದೆ ಹೇಳಲು ಮೈಕ್ರಾನ್‌ಗೆ ನಾಚಿಕೆ. ನಾನೂ ಬಾಯಿ ಬಿಟ್ಟಿರಲಿಲ್ಲ. ಅವತ್ತಾದರೂ ಬಿಡಬಹುದಿತ್ತು. ಸಾಹೇಬರಂಥವರು ಧೂಳಿಗೆ ಇಳಿಯುವವರಲ್ಲ, ಬರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾದೆ. ಮೂವತ್ತೊಂದು ವರ್ಷದ ವ್ಯಾಪಾರದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅಂದಾಜು ಅದು.

ಮರು ಸೋಮವಾರವೇ ಸಾಹೇಬರು ಮೀಟಿಂಗ್ ರದ್ದು ಮಾಡಿ, ಅಕ್ಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಜೀಪು ನನ್ನ ಅಂಗಡಿ ದಾಟಿದಾಗ ಹತ್ತಕ್ಕೆ ಎರಡು ನಿಮಿಷ. ನಾನು ಎದ್ದು ಇಪ್ಪತ್ತೇಳನೇ ನಂಬರಿನ ಕಡೆ ಓಡಿದೆ. ನನ್ನ ಮೈಗೆ ಓಡುವುದು ಮರೆತು ಬಹಳ ಕಾಲವಾಗಿದೆ. ಅರ್ಧ ದಾರಿಯಲ್ಲಿದ್ದಾಗಲೇ ಬೀದಿಯ ಆ ತುದಿಯಲ್ಲಿ ಮೊದಲ ಮೋಟಾರು ಗುರ್ರೆಂದಿತು. ಆಮೇಲೆ ಇನ್ನೊಂದು. ಆಮೇಲೆ ಒಂದರ ಹಿಂದೊಂದು ಎಲ್ಲವೂ.

ನಾನು ಏದುಸಿರು ಬಿಡುತ್ತಾ ತಲುಪುವಾಗ ಸಾಹೇಬರು ಒಳಗೆ ಲೇತ್ ಪಕ್ಕ ನಿಂತಿದ್ದರು. ಅದು ಸುತ್ತುವುದನ್ನೇ ನೋಡುತ್ತಾ ಹತ್ತು ನಿಮಿಷ ಕಾದು, ಕರವಸ್ತ್ರ ತೆಗೆದು ಗೇರ್ ಪೆಟ್ಟಿಗೆ ಒರೆಸಿ ಅದರ ಮೇಲೆ ಅಂಗೈ ಇಟ್ಟರು. ಥೇಟ್ ಅಕ್ಕನ ಹಾಗೆ.

"ಬೆಚ್ಚಗಿದೆ ಮೇಡಂ."

ಅಕ್ಕ ತಮ್ಮನನ್ನು ನೋಡಿದರು. ಮೈಕ್ರಾನ್‌ನ ಕೈಯಲ್ಲಿ ಎಣ್ಣೆ ಕ್ಯಾನು.

"ಏನೋ ಇದು?"

"ಅಕ್ಕಾ, ಹಿಡ್ಕೊಂಡ್ಬಿಡುತ್ತೆ ಅಂತ... ವಾರಕ್ಕೊಂದ್ಸಲ..."

"ಯಾರು ಹೇಳಿಕೊಟ್ಟಿದ್ದು ನಿಂಗೆ?"

ಬಾಗಿಲಲ್ಲಿ ನಿಂತಿದ್ದ ಅಕ್ಕಪಕ್ಕದ ಮಾಲೀಕರೆಲ್ಲ ನನ್ನ ಕಡೆ ತಿರುಗಿದರು. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ನನ್ನ ಮದುವೆಯಲ್ಲೂ ಇಲ್ಲ.

ಅಕ್ಕ ಮಂಡಿಯೂರಿ ಲೇತಿನ ಕೆಳಗಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಹೊರಗೆಳೆದರು. ಕೆಲಸ ನಡೆಯುವ ಲೇತಿನ ತಟ್ಟೆಯಲ್ಲಿ ಬೆಳ್ಳಗೆ ಹೊಳೆಯುವ ಕಬ್ಬಿಣದ ಸುರುಳಿಗಳು ರಾಶಿ ಬಿದ್ದಿರುತ್ತವೆ. ಈ ತಟ್ಟೆಯಲ್ಲಿ ಇದ್ದದ್ದು ಹೋದ ವರ್ಷದ ಸುರುಳಿ. ಕೆಂಪಗೆ ತುಕ್ಕು ಹಿಡಿದು, ಅಕ್ಕ ಹಿಡಿದೊಡನೆ ಬೆರಳಲ್ಲಿ ಪುಡಿಯಾಯಿತು.

"ನೋಡಿ ಸರ್. ಹೊಸದು ಒಂದು ಚೂರೂ ಇಲ್ಲ. ಆ ಚಕ್ ನೋಡಿ. ತುಂಡು ಕಚ್ಕೋಬೇಕಾದ ಬಾಯಿ ಅದು, ಖಾಲಿ ಬಾಯಿ ಬಿಟ್ಕೊಂಡು ಸುತ್ತುತ್ತಿದೆ. ಇಲ್ಲಿ ಏನು ತಯಾರಾಗ್ತಿದೆ ಹೇಳಿ?"

"ಮೇಡಂ, ಭೇಟಿಯ ದಿನ ಯಂತ್ರ ನಡೀತಿತ್ತಾ ಅಂತ ಫಾರಂ ಕೇಳುತ್ತೆ. ನಡೆದು ಏನು ಮಾಡ್ತಿತ್ತು ಅಂತ ಕೇಳಲ್ಲ."

"ಫಾರಂ ಕೇಳಲ್ಲ. ನೀವು ಕೇಳ್ಬೇಕು."

"ನೀವು ಮಾತು ಕೊಟ್ಟಿದ್ರಿ."

ಬೀದಿಯ ಯಂತ್ರಗಳೆಲ್ಲ ಆ ಹೊತ್ತಿಗೆ ಒಂದೊಂದಾಗಿ ನಿಲ್ಲುತ್ತಿದ್ದವು. ಅಕ್ಕ ಎದ್ದು ನಿಂತರು. ಸೀರೆಯ ಮೇಲೆ ಮಂಡಿಯ ಹತ್ತಿರ ಎಣ್ಣೆಯ ಎರಡು ದುಂಡು ಕಲೆ.

"ಕೊಟ್ಟಿದ್ದೆ. ಆ ಮಾತು ವಾಪಸ್ ತಗೋತೀನಿ ಸರ್. ಬೇಕಾದ್ರೆ ಸುಳ್ಳಿ ಅನ್ನಿ ನನ್ನ. ಅಂಕಿ ಮಾತ್ರ ವಾಪಸ್ ತಗೊಳಲ್ಲ."

ಸಾಹೇಬರು ತಮ್ಮದೇ ಪೆನ್ನು ತೆಗೆದರು. ಸ್ಥಳಕ್ಕೆ ಹೋಗಿ ನೋಡಿದವರು ಸಹಿ ಹಾಕಬಹುದು ಎಂಬುದು ನಿಯಮ. ಅವರೂ ಈಗ ಹೋಗಿ ನೋಡಿದವರೇ. ನಲವತ್ತೊಂದು ಹೊಸ ಫಾರಮ್ಮುಗಳನ್ನು ಜೀಪಿನ ಬಾನೆಟ್ ಮೇಲೆ ಇಟ್ಟುಕೊಂಡು, ಯಂತ್ರ ನಡೆಯುತ್ತಿದೆ, ಮಾಲೀಕರಿಂದ ಅಂಕಿ ಲಭ್ಯವಿಲ್ಲ, ಹೋದ ವರ್ಷದ್ದಕ್ಕೆ ನೂರಕ್ಕೆ ಎಂಟು ಸೇರಿಸಿ ಎಂದು ತುಂಬಿದರು. ಬಿಸಿಲಿಗೆ ಬೆವರಿದರು, ಪಾಪ. ಜೀಪು ಹತ್ತುವಾಗ ಒಂದು ಮಾತು ಸೇರಿಸಿದರು. "ತಮ್ಮನ ವರ್ಕ್‌ಶಾಪು ಮುಚ್ಚಿದೆ ಅಂತ ಅಕ್ಕ ಬರೆದು ಪರಿಹಾರ ಕೊಡಿಸೋದು. ಚೆನ್ನಾಗಿದೆ ಮೇಡಂ."

ವರ್ಷ ವರ್ಷ ಬೇರೆಯವರನ್ನು ಕಳಿಸಿ ಎಂದು ಬರೆದುಕೊಟ್ಟ ಪತ್ರಗಳು ಆ ಕಚೇರಿಯ ಕಪಾಟಿನಲ್ಲೇ ಕೊಳೆಯುತ್ತಿದ್ದವು. ಒಂದು ವಾರಕ್ಕೆ ಅಕ್ಕನಿಗೆ ನೋಟಿಸ್ ಬಂತು. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ವಿಚಾರಣೆ ಮುಗಿಯುವವರೆಗೆ ಪಿಂಚಣಿ ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಟೀವಿಯಲ್ಲಿ ಬಂತು. ದೇಶದ ಕೊರತೆ ಉತ್ಪನ್ನದ ನೂರಕ್ಕೆ ಮೂರು ಬಿಂದು ಒಂಬತ್ತಕ್ಕೆ ಇಳಿದಿದೆ. ಮಂತ್ರಿಗಳು ಹೇಳುತ್ತಿದ್ದಂತೆ ಹಿಂದೆ ಕೂತವರು ಮೇಜು ಕುಟ್ಟಿದರು. ನನ್ನ ಅಂಗಡಿಯ ಟೀವಿಯ ಮುಂದೆ ಮೈಕ್ರಾನ್‌ನ ನಾಲ್ಕು ಜನ ಕೆಲಸಗಾರರೂ ನಿಂತಿದ್ದರು. ಅವರ ಕೈಯಲ್ಲಿ ಅವತ್ತೇ ವಾಪಸ್ ಬಂದ ಪರಿಹಾರದ ಅರ್ಜಿಗಳು. ದಾಖಲೆಯಂತೆ ಘಟಕವು ನಡೆಯುತ್ತಿದೆ ಎಂದು ಅದರ ಮೇಲೆ ಮುದ್ರೆ.

"ಅಷ್ಟು ಜೋರಾಗಿ ಕುಟ್ಟೋಕೆ ಬರುತ್ತಲ್ಲ," ಎಂದ ಅವರಲ್ಲಿ ಹಿರಿಯ. "ಒಂದು ಸುತ್ತಿಗೆ ಕೊಟ್ಟು ಇಲ್ಲಿಗೆ ಕಳಿಸಿ, ಉತ್ಪನ್ನ ಆದ್ರೂ ಆಗ್ಲಿ."

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲ.

ಅಕ್ಕ ಒಳಗೆ ಬಂದರು. ಆ ಸೋಮವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದರು.

"ಅಣ್ಣಾ, ನಿಮ್ಮ ಅರ್ಧ ಲೀಟರ್ ಎಣ್ಣೆ ನಮ್ಮ ಮನೆಗೆ ಎಷ್ಟಕ್ಕೆ ಬಿತ್ತು ಗೊತ್ತಾ? ನೀವು ಅದನ್ನೊಂದು ಹೇಳಿದ್ರೆ ನಾನು ಆ ಮನುಷ್ಯನ್ನ ಕರೀತಿದ್ನಾ?"

"ತಪ್ಪಾಯ್ತು ಅಕ್ಕ."

"ನಿಮ್ಮ ತಪ್ಪಾಯ್ತನ್ನ ಯಾವ ಚೌಕದಲ್ಲಿ ಬರ್ಕೊಳ್ಲಿ ನಾನು?"

 

ಅಕ್ಕ ಮೇಲ್ಮನವಿ ಬರೆದರು. ಅರ್ಜಿ ವಾಪಸ್ ಬಂದ ದಿನದಿಂದ ಮರುಭೇಟಿ ಕೇಳಲು ಮೂವತ್ತು ದಿನ ಅವಕಾಶವಿತ್ತು. ಸಾಹೇಬರ ಉತ್ತರ ಎರಡೇ ಸಾಲು: ಯಂತ್ರವು ಸ್ಥಳದಲ್ಲಿದ್ದು ಚಲಿಸುವ ಸ್ಥಿತಿಯಲ್ಲಿರುವವರೆಗೆ ಘಟಕವು ನಡೆಯುತ್ತಿದೆ ಎಂದೇ ಪರಿಗಣಿಸಲಾಗುವುದು. ಅಕ್ಕ ಅದನ್ನು ಮೇಲಿನ ಕೋಣೆಯಲ್ಲಿ ಗಟ್ಟಿಯಾಗಿ ಓದಿದರು. ಮೈಕ್ರಾನ್ ಕೇಳಿಸಿಕೊಂಡು ಕೆಳಗಿಳಿದು ಬಂದು ಗುಜರಿಯವನನ್ನು ಕರೆದ.

ಆಗ ಬೇಡ ಎಂದವರು ಅಕ್ಕನೇ.

"ಬೇಡ ಕಣೋ. ನಾಳೆ ಪಂಪಿನ ಆರ್ಡರ್ ಬಂದ್ರೆ? ಅಪ್ಪ ತಂದ ಮಿಷನ್ನು."

"ಬರಲ್ಲ ಅಕ್ಕ. ಬಂದಾಗ ನೋಡೋಣ."

"ಬಂದಾಗ ಯಾವುದರಲ್ಲಿ ಮಾಡ್ತೀಯೋ, ಬೆರಳಲ್ಲಾ?"

"ಹಾಗಾದ್ರೆ ಕೆಲಸದವರ ನಾಲ್ಕು ಮನೆಗೆ ನೀನು ಹೋಗಿ ಹೇಳು. ನಮ್ಮ ಮಿಷನ್ನು ತುಂಬಾ ಚೆನ್ನಾಗಿದೆ, ಹೂವಿನ ಹಾಗೆ ಸುತ್ತುತ್ತೆ, ಅದಕ್ಕೇ ನಿಮಗೆ ಸಂಬಳ ಇಲ್ಲ ಅಂತ."



ಮೂವತ್ತನೆಯ ದಿನಕ್ಕೆ ಮೂರು ದಿನ ಇರುವಾಗ ಲೇತ್ ಹೊರಟಿತು; ಡ್ರಿಲ್ಲಿಂಗ್ ಯಂತ್ರ ಅದಕ್ಕೂ ಮೊದಲೇ ಹೋಗಿತ್ತು. ಮೈಕ್ರಾನ್ ಹಿಂದಿನ ದಿನ ಸಂಜೆಯವರೆಗೂ ಅದನ್ನು ಒರೆಸಿದ. ಗುಜರಿಗೆ ಹೋಗುವ ಕಬ್ಬಿಣಕ್ಕೆ ಎಣ್ಣೆ ಯಾಕೋ ಎಂದು ನಾನು ಕೇಳಲಿಲ್ಲ. ಕೇಳದೆ ಒಂದು ಕ್ಯಾನು ಕೊಟ್ಟೆ, ಹಣ ತೆಗೆದುಕೊಳ್ಳಲಿಲ್ಲ. ನಾಲ್ಕು ಜನ ಕೆಲಸಗಾರರೇ ನೆಲದ ಬೋಲ್ಟು ಬಿಚ್ಚಿ, ಸರಪಳಿ ಹಾಕಿ ಎತ್ತಿ, ಕೆಳಗೆ ಪೈಪು ಕೊಟ್ಟು ಉರುಳಿಸಿಕೊಂಡು ಬಾಗಿಲಿಗೆ ತಂದರು. ಲಾರಿಗೆ ಏರಿಸುವಾಗ ಮೇಲಿನ ಕಪಾಟಿನ ಲೋಟಗಳು ಕಿಣಿಕಿಣಿ ಎಂದವು. ಮೈಕ್ರಾನ್‌ನ ಹೆಂಡತಿ ಕಿಟಕಿ ಮುಚ್ಚಿಕೊಂಡಳು.

ಈಗ ಯಂತ್ರವೇ ಇಲ್ಲ ಎಂದು ಅಕ್ಕ ಮತ್ತೆ ಬರೆದ ಮೇಲೆ ಸಾಹೇಬರು ಮರುಭೇಟಿಗೆ ಬರಲೇಬೇಕಾಯಿತು. ಬೀದಿಯ ಪುಸ್ತಕ ಇನ್ನೂ ಅಕ್ಕನ ಹೆಸರಿನಲ್ಲೇ ಇದ್ದದ್ದರಿಂದ ಬರೆಯಬೇಕಾದವರು ಅಕ್ಕ, ಪಕ್ಕದಲ್ಲಿ ನಿಂತು ಒಪ್ಪಬೇಕಾದವರು ಸಾಹೇಬರು. ಲೇತ್ ಇದ್ದ ಜಾಗದಲ್ಲಿ ಬೋಲ್ಟಿನ ಆರು ತೂತು, ಸುತ್ತ ಎಣ್ಣೆ ಕುಡಿದು ಕಪ್ಪಗಾದ ಸಿಮೆಂಟು.

"ಯಂತ್ರ ಇಲ್ಲ," ಎಂದರು ಸಾಹೇಬರು.

"ಮುಟ್ಟಿ ನೋಡಿ ಸರ್."

"ಏನನ್ನ ಮುಟ್ಟೋದು ಮೇಡಂ? ಇಲ್ಲವಲ್ಲ."

"ನೆಲ ಮುಟ್ಟಿ ನೋಡಿ. ಬೆಚ್ಚಗಿದ್ರೆ ನೂರಕ್ಕೆ ಎಂಟು ಸೇರಿಸೋಣ."

ಸಾಹೇಬರು ಮುಟ್ಟಲಿಲ್ಲ. ಅಕ್ಕ ಬಗ್ಗಿ ಅಂಗೈ ಇಟ್ಟರು, ಸ್ವಲ್ಪ ಹೆಚ್ಚೇ ಹೊತ್ತು. ಆಮೇಲೆ ಪೆನ್ಸಿಲ್ಲು ಮುಟ್ಟದೆ ನೇರವಾಗಿ ಪೆನ್ನಿನಲ್ಲಿ ಗುರುತು ಹಾಕಿದರು. ಹಾಳೆ ಹರಿಯಿತೇನೋ ಎನ್ನುವಷ್ಟು ಒತ್ತಿ.

ನಾಲ್ಕು ಜನರಿಗೆ ಆರು ತಿಂಗಳು ಅರ್ಧ ಸಂಬಳ ಬಂತು. ಅವರಲ್ಲಿ ಹಿರಿಯ ಮೊದಲ ತಿಂಗಳ ಹಣ ತಂದು ಮೈಕ್ರಾನ್ ಮುಂದೆ ಇಟ್ಟು, ಲೇತಿಗೆ ಎಂದ. ಮೈಕ್ರಾನ್ ಅವನನ್ನು ಬಾಯಿಗೆ ಬಂದ ಹಾಗೆ ಬೈದು ಕಳಿಸಿದ. ಉಳಿದ ನಲವತ್ತು ವರ್ಕ್‌ಶಾಪಿನವರು ಯಂತ್ರ ಮಾರಲು ಮನಸ್ಸು ಮಾಡುವಷ್ಟರಲ್ಲಿ ಮೂವತ್ತು ದಿನ ಮುಗಿದಿತ್ತು. ಅವರ ಕೆಲಸಗಾರರಿಗೆ ಏನೂ ಬರಲಿಲ್ಲ. ಪುಸ್ತಕದಲ್ಲಿ ಮಾತ್ರ ಆ ನಲವತ್ತೂ ಇಂದಿಗೂ ದುಡಿಯುತ್ತಿವೆ, ಪ್ರತಿಯೊಂದೂ ಹೋದ ವರ್ಷಕ್ಕಿಂತ ನೂರಕ್ಕೆ ಎಂಟರಷ್ಟು ಹೆಚ್ಚು.

ಆದರೂ ಮುಂದಿನ ಸೋಮವಾರ ಹತ್ತು ಗಂಟೆಗೆ ಮೋಟಾರುಗಳು ಗುರ್ರೆಂದವು. ಅದರ ಮುಂದಿನ ಸೋಮವಾರ ಸ್ವಲ್ಪ ಕಡಿಮೆ. ಬಾಡಿಗೆಗೆ, ಮನೆ ಖರ್ಚಿಗೆ ಎಂದು ಒಬ್ಬೊಬ್ಬರೇ ಗುಜರಿಯವನನ್ನು ಕರೆಯತೊಡಗಿದರು. ನಾಲ್ಕು ತಿಂಗಳಲ್ಲಿ ಹದಿಮೂರು ಯಂತ್ರ ತೂಕಕ್ಕೆ ಹೋದವು. ಸೋಮವಾರದ ಎಣ್ಣೆಯನ್ನು ನಾನು ಈಗ ಯಾರಿಗೂ ಮಾರುವುದಿಲ್ಲ. ಕೇಳಿದವರಿಗೆ ಸುಮ್ಮನೆ ಕೊಡುತ್ತೇನೆ. ಇದನ್ನು ಹೊಗಳಿಕೆಗೆ ಬರೆದದ್ದಲ್ಲ, ನನ್ನ ಲೆಕ್ಕದಲ್ಲಿ ಅದು ದಂಡ.

ಅಕ್ಕನ ಕಡೆಯ ಕೆಲಸದ ದಿನ ನನಗೆ ನೆನಪಿದೆ. ವಿಚಾರಣೆ ಇನ್ನೂ ನಡೆಯುತ್ತಿತ್ತು, ಈಗಲೂ ನಡೆಯುತ್ತಿದೆ. ಬೀದಿಯ ಪುಸ್ತಕ ಕಿತ್ತುಕೊಂಡು ಅವರ ಕೈಗೆ ವ್ಯಾಪಾರಿಗಳ ಪಟ್ಟಿ ಕೊಟ್ಟಿದ್ದರು. ಪಟ್ಟಿಯ ಕೊನೆಯಲ್ಲಿ ಗುಜರಿಯವನ ಹೆಸರಿತ್ತು. ಅವನ ಅಂಗಡಿ ನನ್ನ ಎದುರಿಗೇ. ತಕ್ಕಡಿಯ ಪಕ್ಕದ ಮುರುಕು ಕುರ್ಚಿಯಲ್ಲಿ ಅಕ್ಕ ಕೂತಿದ್ದರು. ನಾನೂ ಹೋಗಿ ನಿಂತೆ.

"ಹೋದ ವರ್ಷಕ್ಕಿಂತ ಈ ವರ್ಷ ಗಳಿಕೆ?"

ಗುಜರಿಯವನು ತಲೆ ಕೆರೆದುಕೊಂಡ. ಅಕ್ಕನ ಮುಂದೆ ಸುಳ್ಳು ಹೇಳಲು ಅವನಿಗೂ ಧೈರ್ಯವಿಲ್ಲ, ನಿಜ ಹೇಳಲು ಮುಖವಿಲ್ಲ.

"ಎರಡು ಪಟ್ಟು ಅಕ್ಕ."

ಅಕ್ಕ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಲೇತ್‌ಗಳು ಸುತ್ತಿಗೆ ಏಟಿಗೆ ತುಂಡಾಗಿ ಬಿದ್ದಿದ್ದವು. ಎಣ್ಣೆ ಮಿಂಚುತ್ತಿದ್ದ ಒಂದು ಗೇರ್ ಪೆಟ್ಟಿಗೆಯನ್ನು ನಾನೂ ಗುರುತು ಹಿಡಿದೆ. ಬಿಸಿಲಿಗೆ ಬಿದ್ದದ್ದು, ಬೆಚ್ಚಗೇ ಇದ್ದಿರಬೇಕು. ಅಕ್ಕ ಅದರ ಮೇಲೆ ಕೈಯಿಡಲಿಲ್ಲ. ತುಂಡುಗಳನ್ನು ಎಣಿಸಿದರು, ಹಿಂದಿರುಗಿ ಬಂದು ಕೂತರು. ಪೆನ್ಸಿಲ್ಲಿನ ಮೊನೆ ಮುರಿಯಿತು. ನಾನು ಬ್ಲೇಡು ಕೊಟ್ಟೆ. ಕೆತ್ತಿಕೊಂಡು ಬರೆದರು, ಅದರ ಮೇಲೆ ಪೆನ್ನಿನಲ್ಲಿ ತಿದ್ದಿದರು.

"ಏನಂತ ಬರೆದ್ರಿ ಅಕ್ಕ?"

"ಎರಡು ಪಟ್ಟು ಅಂತ. ಕಣ್ಣಾರೆ ನೋಡಿದ್ದೀನಲ್ಲ." ಫಾರಂ ಮಡಚಿ ಚೀಲಕ್ಕೆ ತುರುಕಿದರು. "ಇದೂ ಉತ್ಪನ್ನಾನೇ ಅಣ್ಣಾ. ಗೆರೆ ಕೆಳಗೆ ಸೇರುತ್ತೆ. ಮೇಜು ಕುಟ್ಟೋರು ಇನ್ನೊಂದ್ಸಲ ಕುಟ್ಟಲಿ."

ಗುಜರಿಯವನು ಚಹಾ ತರಿಸಿದ. ಅಕ್ಕ ಕುಡಿಯಲಿಲ್ಲ. ದಾರ ಕಟ್ಟಿದ ಪೆನ್ಸಿಲ್ಲನ್ನು ಚೀಲದಿಂದ ಬಿಚ್ಚಿ ನನ್ನ ಕೈಗೆ ಹಾಕಿ, ರಸ್ತೆ ದಾಟಿ, ಇಪ್ಪತ್ತೇಳನೇ ನಂಬರಿನ ಮೆಟ್ಟಿಲು ಹತ್ತಿದರು.